ನೋಡುವವರು ಯಾರು?

ಸೋಮವಾರದಿಂದ ಒಂದೇ ಮಾತು ಕಿವಿಯಲ್ಲಿ ಕುಳಿತಿದೆ. ಮಂಡ್ಯದ ಗುತ್ತಲು ರಸ್ತೆಯ ಬದಿಯ ವೆಲ್ಡಿಂಗ್ ಶೆಡ್ಡಿನಲ್ಲಿ, ಅರವತ್ತು ದಾಟಿದ ಯಜಮಾನರೊಬ್ಬರು ನಮ್ಮ ಬೊಲೆರೊ ಬಾಗಿಲು ತೆರೆದು ಒಳಗೆಲ್ಲ ಕಣ್ಣಾಡಿಸಿದರು. ಅಳತೆ ಟೇಪು ಬಿಚ್ಚುವ ಮೊದಲೇ ಕೇಳಿದರು: “ಇದನ್ನು ನೋಡುವವರು ಯಾರು?”

ದಾರಿಯ ನಕ್ಷೆ ತೋರಿಸುವ ಲ್ಯಾಪ್‌ಟಾಪಿಗೆ ಗಾಡಿಯೊಳಗೊಂದು ಸ್ಟ್ಯಾಂಡ್ ಮಾಡಿಸಲು ಹೋಗಿದ್ದ ನಾನು ಅದನ್ನು ಎದೆಗವಚಿಕೊಂಡು ನಿಂತಿದ್ದೆ. “ನಾನೇ, ಗಾಡಿ ಓಡಿಸುವವನು” ಎಂದೆ. ಅವರು ಟೇಪನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹಳ್ಳಿಯ ಹಿರಿಯರನ್ನು ಕರೆತರುವುದು, ಮರುದಿನ ಮನೆ ತಲುಪಿಸುವುದು ನನ್ನ ಮತ್ತು ಅತ್ತೆಯ ಕೆಲಸ. ಸಂಬಳದ್ದಲ್ಲ, ಮನಸ್ಸಿನದು. ವಾಪಸು ಬಿಡುವಾಗ ಸಾಮಾನ್ಯವಾಗಿ ಕತ್ತಲಾಗಿರುತ್ತದೆ. ಜಿಲ್ಲೆಯಲ್ಲಿ ಹೊಸಹಳ್ಳಿ ಒಂದಲ್ಲ, ಕೊಪ್ಪಲುಗಳಿಗೆ ಲೆಕ್ಕವಿಲ್ಲ. ಮೇಲುಕೋಟೆ, ನಾಗಮಂಗಲದ ಕಡೆ ಕೆಲವು ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಬಿಟ್ಟುಹೋಗುತ್ತದೆ. ಕಳೆದ ತಿಂಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜನೊಬ್ಬರನ್ನು ಬೇರೊಂದು ಹೊಸಹಳ್ಳಿಯ ಅರಳಿಕಟ್ಟೆಯವರೆಗೆ ಕರೆದೊಯ್ದಿದ್ದೆವು. ಅಜ್ಜ ಊರಿನ ಸದ್ದಿನಲ್ಲೇ ತಿಳಿದುಕೊಂಡು “ಇದು ನಮ್ಮೂರಲ್ಲ” ಎಂದರು. ಗಾಡಿಯಲ್ಲೊಂದು ಲ್ಯಾಪ್‌ಟಾಪ್ ಇಡಬೇಕೆಂದು ಆ ರಾತ್ರಿಯೇ ನಿರ್ಧರಿಸಿದೆ.

ಮೊಬೈಲ್ ಸಾಲದೇ ಎಂದು ಎಲ್ಲರೂ ಕೇಳಿದರು. ನನಗೆ ಬೇಕಿದ್ದದ್ದು ದಾರಿಯಷ್ಟೇ ಅಲ್ಲ. ಯಾರ ಮನೆ ಎಲ್ಲಿ, ಯಾವ ಮರದ ಎದುರು, ಯಾರಿಗೆ ಯಾವ ಕಣ್ಣು ಎಂಬ ಟಿಪ್ಪಣಿಯೂ ನಕ್ಷೆಯ ಜೊತೆಗೇ ದೊಡ್ಡ ಅಕ್ಷರದಲ್ಲಿ ಕಾಣಬೇಕಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದದ್ದು. ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಮನೆಯಲ್ಲೇ ಇಳಿಸಿಟ್ಟುಕೊಂಡರೆ ದಾರಿಯಲ್ಲಿ ಇಂಟರ್ನೆಟ್ ಬೇಡ. ನಾವೆಲ್ಲಿದ್ದೇವೆ ಎಂದು ಹೇಳಲು ಬೆಂಕಿಪೊಟ್ಟಣದಷ್ಟು ದೊಡ್ಡ ಜಿಪಿಎಸ್ ರಿಸೀವರ್ ಒಂದನ್ನು ಯುಎಸ್‌ಬಿಗೆ ಸಿಕ್ಕಿಸಿದರಾಯಿತು. ಅದು ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹಗಳ ಮಾತನ್ನು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಹೇಳುತ್ತದೆ, ಮೊಬೈಲ್ ಟವರಿನ ಹಂಗಿಲ್ಲ. ಅಡಿಯಲ್ಲಿ ಅಯಸ್ಕಾಂತ ಇರುವುದರಿಂದ ಗಾಡಿಯ ತಲೆಯ ಮೇಲೆ ಕಚ್ಚಿಕೊಂಡು ಕೂರುತ್ತದೆ.

ಲ್ಯಾಪ್‌ಟಾಪ್ ಕೊಳ್ಳಲು ಮೈಸೂರಿಗೆ ಹೋಗಿದ್ದೆ. ಅಂಗಡಿಯವನು ಹದಿನೈದು ಇಂಚಿನ, ಮುಖ ಕಾಣುವಷ್ಟು ಹೊಳೆಯುವ ಪರದೆಯದನ್ನೇ ಮುಂದೆ ಮುಂದೆ ತಳ್ಳಿದ. ಹಗಲಲ್ಲಿ ಅದರಲ್ಲಿ ದಾರಿ ಕಾಣುವುದಿಲ್ಲ, ಗಾಜಿನ ಮೇಲಿನ ಆಕಾಶ ಕಾಣುತ್ತದೆ. ಎಲ್ಲಿಡುತ್ತೀರಿ, ಯಾತಕ್ಕೆ ಎಂದು ಒಂದು ಮಾತು ಕೇಳಲಿಲ್ಲ. ಮಾರುವವನಿಗೆ ಕೊಳ್ಳುವವನ ಬದುಕಿನ ಬಗ್ಗೆ ಇಷ್ಟಾದರೂ ಕುತೂಹಲ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕೊನೆಗೆ ಬೇರೆ ಕಡೆ ಹನ್ನೊಂದು ಇಂಚಿನ, ಹೊಳಪಿಲ್ಲದ ಪರದೆಯ ಹಳೆಯದೊಂದು ಸಿಕ್ಕಿತು. ಅದರ ಹಾರ್ಡ್ ಡಿಸ್ಕ್ ತೆಗೆಸಿ, ಒಳಗೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ, ಓದುವ ಮುಳ್ಳು ಅದಕ್ಕೆ ಕೂದಲೆಳೆಗಿಂತ ಹತ್ತಿರದಲ್ಲಿ ತೇಲುತ್ತಿರುತ್ತದೆ; ನಮ್ಮ ಕಬ್ಬಿನ ಗದ್ದೆಯ ದಾರಿಗೆ ಅದು ಎಷ್ಟು ದಿನ ತಡೆದೀತು? ವಿದ್ಯುತ್ತಿಗೆ ಇನ್ವರ್ಟರ್ ಬೇಡವೆಂದುಕೊಂಡೆ. ಗಾಡಿಯ ಬ್ಯಾಟರಿಯ ಹನ್ನೆರಡು ವೋಲ್ಟನ್ನು 230ಕ್ಕೆ ಏರಿಸಿ, ಮತ್ತೆ ಲ್ಯಾಪ್‌ಟಾಪಿಗೆ ಬೇಕಾದ ಹತ್ತೊಂಬತ್ತಕ್ಕೆ ಇಳಿಸುವುದು ದಂಡ. ನಡುವೆ ಬಿಸಿಯಾಗಿ ಹೋಗುವುದೇ ಸಾಕಷ್ಟು. ನೇರ ಹನ್ನೆರಡರಿಂದ ಹತ್ತೊಂಬತ್ತಕ್ಕೆ ಏರಿಸುವ ಕಾರ್ ಚಾರ್ಜರ್ ಸಾಕಾಯಿತು.

ಇಷ್ಟೆಲ್ಲ ಲೆಕ್ಕ ಹಾಕಿದವನು ನಾನು. ಆದರೆ ವೆಲ್ಡಿಂಗ್ ಯಜಮಾನರ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

“ನಾನು ಪಾಂಡವಪುರದ ಕಡೆಯವನು ಸ್ವಾಮಿ” ಎಂದರು ಅವರು. “ಕನಗನಮರಡಿ ಗೊತ್ತಲ್ಲ?”

ಗೊತ್ತಿಲ್ಲದೆ ಉಂಟೇ. 2018ರ ನವೆಂಬರಿನಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ಮೂವತ್ತು ಜನ ಹೋದರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ದರು. ಯಜಮಾನರು ಆ ದಿನದ ವಿವರ ಹೇಳಲಿಲ್ಲ, ನಾನೂ ಕೇಳಲಿಲ್ಲ. “ನಾಲೆ ಏರಿಯ ಮೇಲೆ ಓಡಿಸುವವನ ಕಣ್ಣು ರಸ್ತೆ ಬಿಟ್ಟು ಆಚೀಚೆ ಆಗಬಾರದು. ಇದನ್ನು ನೋಡುವವರು ಯಾರು, ಇನ್ನೊಮ್ಮೆ ಹೇಳಿ” ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ ಗಾಡಿ ಇಪ್ಪತ್ತೆರಡು ಮೀಟರ್ ಕುರುಡಾಗಿ ಓಡಿರುತ್ತದೆ. ನಾನು ಕಣ್ಣಿನ ರೋಗಿಗಳನ್ನು ಕೂರಿಸಿಕೊಂಡು ಓಡಾಡುವವನು.

ಶೆಡ್ಡಿನಲ್ಲಿ ಅಂದು ಅವರು ಎರಡನೆಯ ಸಲ ಕೇಳಿದಾಗ ಉತ್ತರ ಬದಲಿಸಿದೆ: “ನಮ್ಮ ಅತ್ತೆ.”

“ಹಾಗಿದ್ದರೆ ಅವರನ್ನು ಕರೆದುಕೊಂಡು ಬನ್ನಿ. ಅವರ ಮೊಣಕಾಲು ಎಲ್ಲಿಗೆ ಬರುತ್ತದೆ ಎಂದು ನನಗೆ ಗೊತ್ತಾಗಬೇಕು.”

ಮಂಗಳವಾರ ಅತ್ತೆ ಬಂದರು. “ಬನ್ನಿ ತಾಯಿ, ಮನೆಯಲ್ಲಿ ಕೂರುವ ಹಾಗೆಯೇ ಕೂರಿ” ಎಂದು ಹೇಳಿದ ಯಜಮಾನರು, ಅತ್ತೆ ಸೆರಗು ಸರಿಮಾಡಿಕೊಂಡು ಒರಗಿದ ಮೇಲೆಯೇ ಅಳತೆ ತೆಗೆದರು. ಡ್ಯಾಶ್‌ಬೋರ್ಡಿಗೆ ತೂತು ಕೊರೆಯಲಿಲ್ಲ. ಎಡ ಸೀಟಿನ ಮುಂದಿನ ಎರಡು ಬೋಲ್ಟುಗಳ ಕೆಳಗೆ ದಪ್ಪ ಪಟ್ಟಿಯೊಂದನ್ನು ಸೇರಿಸಿ, ಅದಕ್ಕೆ ಒಂದಿಂಚಿನ ಚೌಕ ಪೈಪು ನಿಲ್ಲಿಸಿ, ಮೇಲೆ ಲ್ಯಾಪ್‌ಟಾಪ್ ಕೂರಲು ತಟ್ಟೆಯೊಂದನ್ನಿಟ್ಟರು. ಪಟ್ಟಿಯ ದಪ್ಪದಷ್ಟು ಬೋಲ್ಟು ಗಿಡ್ಡವಾಗುತ್ತದೆಂದು ಅದೇ ಬಲದ ಉದ್ದನೆಯ ಬೋಲ್ಟು ತರಿಸಿಯೇ ಮುಂದುವರಿದರು. ಸೀಟು ಹಿಡಿಯುವ ಬೋಲ್ಟಿನಲ್ಲಿ ರಾಜಿ ಇಲ್ಲವಂತೆ. ಮೊದಲು ಎರಡು ಚುಕ್ಕಿ ಬೆಸುಗೆಯಷ್ಟೇ. ಆಮೇಲೆ ತಾವೇ ಚಾಲಕನ ಸೀಟಿನಲ್ಲಿ ಕುಳಿತು, ಕಣ್ಣು ಮುಚ್ಚಿ, ಒಂದರಿಂದ ಐದರವರೆಗೆ, ರಿವರ್ಸಿಗೆ ಗೇರ್ ಹಾಕಿ ನೋಡಿದರು. ಹ್ಯಾಂಡ್‌ಬ್ರೇಕ್ ಎಳೆದರು. ಮೂರನೆಯ ಗೇರಿನಲ್ಲಿ ಬೆರಳಿನ ಗೆಣ್ಣು ತಟ್ಟೆಯ ಅಂಚಿಗೆ ತಾಗಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಚುಕ್ಕಿ ಬಿಡಿಸಿ, ಒಂದೂವರೆ ಇಂಚು ಎಡಕ್ಕೆ ಸರಿಸಿದರು. ತಟ್ಟೆಗೆ ಹಳೆಯ ಟ್ಯೂಬಿನ ರಬ್ಬರ್ ಹಾಸಿದರು. ಹಳ್ಳ ಹತ್ತಿಳಿಯುವಾಗ ಪರದೆ ತಲೆಯಾಡಿಸಿ ಕೀಲು ಸಡಿಲವಾಗುತ್ತದೆಂದು ಬೆನ್ನಿಗೆ ಊರುಗೋಲಿನಂತೆ ಸಣ್ಣ ಪಟ್ಟಿಯೊಂದನ್ನು ಕೊಟ್ಟರು. ನಮ್ಮದು ಏರ್‌ಬ್ಯಾಗ್ ಇಲ್ಲದ ಹಳೆಯ ಗಾಡಿ. ಇದ್ದಿದ್ದರೆ ಅದರೆದುರು ಏನನ್ನೂ ನಿಲ್ಲಿಸುತ್ತಿರಲಿಲ್ಲ ಎಂದರು, ಅದು ಉಬ್ಬಿದಾಗ ಎದುರಿಗಿದ್ದದ್ದೆಲ್ಲ ಕುಳಿತವರ ಮುಖಕ್ಕೇ ಬರುತ್ತದೆ.

ಅಷ್ಟು ವರ್ಷ ಅತ್ತೆ ಪಕ್ಕದ ಸೀಟಿನಲ್ಲಿ ನಿದ್ದೆ ತೂಗುತ್ತಿದ್ದರು. ಆಶಾ ಕಾರ್ಯಕರ್ತೆಯಾಗಿ ಓಣಿ ಓಣಿ ತಿರುಗಿದವರನ್ನು ಸುಮ್ಮನೆ ಕೂರಿಸಿಕೊಂಡು ನಾನು ಯಂತ್ರದ ದನಿಯನ್ನು ಕೇಳುತ್ತಿದ್ದೆ. ಇದು ನನ್ನನ್ನು ಈ ವಾರವೆಲ್ಲ ಚುಚ್ಚಿದೆ. ಹಿಂದೆ ಕಬ್ಬಿನ ಲಾರಿಗೆ ಕ್ಲೀನರ್ ಇಲ್ಲದೆ ಚಕ್ರ ಉರುಳುತ್ತಿರಲಿಲ್ಲ. ಬಾಗಿಲಿಗೆ ಜೋತುಬಿದ್ದು, ತಗಡು ಬಡಿದು, “ರೈಟ್, ರೈಟ್, ಹೋಲ್ಡಾನ್” ಎನ್ನುವ ಹುಡುಗನ ಕಣ್ಣನ್ನು ನಂಬಿ ಚಾಲಕ ಕಿರಿದಾದ ಸೇತುವೆ ದಾಟುತ್ತಿದ್ದ. ಪಕ್ಕದಲ್ಲಿ ಕುಳಿತವರಿಗೂ ಒಂದು ಕೆಲಸವಿತ್ತು, ಆ ಕೆಲಸಕ್ಕೊಂದು ಮರ್ಯಾದೆಯಿತ್ತು. ಫೋನು ಬಂದ ಮೇಲೆ ಅವರನ್ನು ನಾವು ಸಾಮಾನಿನಂತೆ ಕೂರಿಸಿಕೊಂಡೆವು.

ಗುರುವಾರ ರಾತ್ರಿ ನಾಗಮಂಗಲದ ಆಚೆಯ ಅಜ್ಜಿಯೊಬ್ಬರನ್ನು ಬಿಡಲು ಹೊರಟೆವು. ಅತ್ತೆ ಕನ್ನಡಕ ಏರಿಸಿಕೊಂಡು ಓದುತ್ತಾ ಬಂದರು. “ಮುಂದೆ ಎಡ ತಿರುವು ಬರುತ್ತದಪ್ಪ. ನಿಧಾನ. ಈಗ ಹುಣಸೆ ಮರ ಬರಬೇಕು.” ನಾನು ಒಂದು ಸಲವೂ ಪರದೆಯ ಕಡೆ ತಿರುಗಲಿಲ್ಲ. ಹುಣಸೆ ಮರ ಬರಲಿಲ್ಲ. ಅತ್ತೆ ಬೆರಳಲ್ಲಿ ನಕ್ಷೆ ಮುಟ್ಟಿ ಮುಟ್ಟಿ ನೋಡಿದರು, ಗಾಡಿ ನಿಲ್ಲಿಸಿದೆ.

ಹಿಂದಿನ ಸೀಟಿನಿಂದ, ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡಿದ್ದ ಅಜ್ಜಿ ಮುಂದಕ್ಕೆ ಬಾಗಿದರು. “ಮರ ಕಡಿದುಬಿಟ್ಟರು ಕಣವ್ವ. ಈಗ ಅಲ್ಲಿ ಹಾಲಿನ ಡೇರಿ ಇದೆ. ಅದರ ಪಕ್ಕದ ಸಂದಿಯೇ ನಮ್ಮದು.”

ಅತ್ತೆ ಒಳಗಿನ ದೀಪ ಹಾಕಿಸಿದರು. ಹುಣಸೆ ಮರ ಎಂಬುದನ್ನು ಅಳಿಸಿ, ಒಂದೊಂದೇ ಕೀಲಿ ಹುಡುಕಿ ಒತ್ತುತ್ತಾ, ‘ಹಾಲಿನ ಡೇರಿ’ ಎಂದು ಬರೆದರು. ಅಜ್ಜಿ ಪರದೆಯ ಬೆಳಕಿನತ್ತ ತೆರೆದ ಕಣ್ಣನ್ನು ಕಿರಿದು ಮಾಡಿ, ಬರೆದು ಮುಗಿಯುವವರೆಗೂ ನೋಡುತ್ತಿದ್ದರು.