ರಿಟೈರ್ ಆಗಿ ಊರಿಗೆ ಬಂದರೆ ಎಷ್ಟು ದುಡ್ಡು ಬೇಕು?

"ಸರ್, ಇನ್ನೇನು ರಿಟೈರ್ ಆಗ್ತೀನಿ. ಬೆಂಗಳೂರು ಸಾಕಾಗಿದೆ. ತೀರ್ಥಹಳ್ಳಿ ಕಡೆ ಊರಲ್ಲಿ ತೋಟ ನೋಡಿಕೊಂಡು ಇರೋಣ ಅಂತ. ಒಟ್ಟು ಎಷ್ಟು ದುಡ್ಡು ಇದ್ದರೆ ಸಾಕು?" ಬ್ಯಾಂಕಿನಲ್ಲಿದ್ದು ನಿವೃತ್ತನಾಗಿ ಶಿವಮೊಗ್ಗದಲ್ಲಿ ನೆಲೆಸಿರುವ ನನಗೆ ಮದುವೆ ಮನೆಗೆ ಹೋದರೂ, ರೈಲು ಹತ್ತಿದರೂ ಈ ಪ್ರಶ್ನೆ ತಪ್ಪಿದ್ದಲ್ಲ.

ಒಂದೇ ಅಂಕಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅರವತ್ತಕ್ಕೆ ಕೆಲಸ ಬಿಟ್ಟವರು ತೊಂಬತ್ತರವರೆಗೂ ಇರಬಹುದು. ಅಷ್ಟೂ ವರ್ಷಕ್ಕೆ ಒಂದೇ ಲೆಕ್ಕ ಹೊಂದುವುದಿಲ್ಲ. ಕೈಕಾಲು ಗಟ್ಟಿ ಇರುವ ಕಾಲ, ನಿಧಾನ ಆಗುವ ಕಾಲ, ಇನ್ನೊಬ್ಬರ ಕೈ ಬೇಕಾಗುವ ಕಾಲ, ಹೀಗೆ ಮೂರು ಪಾಲು ಮಾಡಿಕೊಳ್ಳಿ ಅನ್ನುತ್ತೇನೆ.

ಮೊದಲ ಪಾಲಿನಲ್ಲಿ ಖರ್ಚು ಕಡಿಮೆ ಆಗುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ಆಗುವುದು ಉಲ್ಟಾ. ಆಗಲೇ ಕಾಶಿಗೆ ಹೋಗುವುದು, ಮಗಳ ಬಾಣಂತನಕ್ಕೆ ಓಡಾಡುವುದು, ಊರಿನ ಮನೆಯ ಹೆಂಚು ತೆಗೆಸಿ ಹೊಸದಾಗಿ ಹೊದಿಸುವುದು. ಜೊತೆಗೆ ತೋಟ. ಅಡಿಕೆ ಸಸಿ ಈಗ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ದಿನ ಗೊಬ್ಬರ, ಕೂಲಿ ಎಲ್ಲಾ ಕೈಯಿಂದಲೇ. ಫಸಲಿರುವ ತೋಟವಾದರೂ ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಸಬೇಕು, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರು ಸಿಗಬೇಕು. ತೋಟದ ಆದಾಯವನ್ನೇ ನಂಬಿ ಮನೆಖರ್ಚಿನ ಲೆಕ್ಕ ಹಾಕಬೇಡಿ. ಬಂದರೆ ಸಂತೋಷ.

ಮನೆಖರ್ಚಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಂಥದ್ದು ಒಳ್ಳೆಯದು. 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಬಡ್ಡಿ ಶೇಕಡಾ 8.2 ಇದ್ದಾಗ ಅಷ್ಟೂ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಐದು ವರ್ಷ ಆ ದರ ಬದಲಾಗುವುದಿಲ್ಲ. ಆದರೆ ಬಡ್ಡಿಯನ್ನೆಲ್ಲ ಖರ್ಚು ಮಾಡುತ್ತಾ ಹೋದರೆ ಅಸಲು ಇದ್ದಲ್ಲೇ ಇರುತ್ತದೆ, ಬೆಲೆ ಮಾತ್ರ ಏರುತ್ತದೆ. ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಇವತ್ತಿನ 30,000ದ ಮನೆಖರ್ಚು 12 ವರ್ಷಕ್ಕೆ 60,000 ಆಗುತ್ತದೆ, 24 ವರ್ಷಕ್ಕೆ 1,20,000. ಅದಕ್ಕೇ ಮೂರನೇ ಪಾಲಿನ ದುಡ್ಡನ್ನು ಅರವತ್ತರಲ್ಲೇ ಬೇರೆ ಎತ್ತಿಡಿ. ಅದು ಇಪ್ಪತ್ತು ವರ್ಷ ಮುಟ್ಟದ ದುಡ್ಡು ಅಲ್ವಾ? ಸ್ವಲ್ಪ ಭಾಗ ಷೇರು ಮಾರುಕಟ್ಟೆಯ ಮ್ಯೂಚುವಲ್ ಫಂಡಿನಲ್ಲಿರಲಿ. ಏರಿಳಿತ ತಡೆದುಕೊಳ್ಳಲು ಅದಕ್ಕೆ ಕಾಲಾವಕಾಶ ಇದೆ.

ಇನ್ನು ಮನೆಯ ವಿಷಯ. ದುಡ್ಡಿಗಿಂತ ಇದರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಚ್ಚಲು, ಪಾಯಿಖಾನೆ ಅಂಗಳದ ಆಚೆ ಇರುತ್ತವೆ. ಜುಲೈ ತಿಂಗಳಲ್ಲಿ ಅಂಗಳವೆಲ್ಲ ಪಾಚಿ. ಜಾರದಿರಲಿ ಅಂತ ಅಡಿಕೆ ಮರ ಸೀಳಿದ ದಬ್ಬೆ, ಒಣಗಿದ ಸೋಗೆ ಹಾಸಿರುತ್ತಾರೆ. ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ. ಅರವತ್ತೆರಡರಲ್ಲಿ ಇದೆಲ್ಲ ಖುಷಿಯೇ. ಎಪ್ಪತ್ತೆಂಟರಲ್ಲಿ, ರಾತ್ರಿ ಎರಡು ಗಂಟೆಗೆ, ಟಾರ್ಚ್ ಹಿಡಿದು ಆ ದಬ್ಬೆಯ ಮೇಲೆ ಕಾಲಿಡುವವರನ್ನು ನೆನೆಸಿಕೊಳ್ಳಿ. ಸೊಂಟದ ಮೂಳೆ ಮುರಿದರೆ ಘಟ್ಟದ ಅಂಚಿನ ಹಳ್ಳಿಯಿಂದ ಶಿವಮೊಗ್ಗದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ಗಂಟೆ ಬೇಕಾಗಬಹುದು.

ಹಾಗಂತ ಊರಿಗೆ ಬರಬೇಡಿ ಅನ್ನುತ್ತಿಲ್ಲ. ಬನ್ನಿ, ಖಂಡಿತ ಬನ್ನಿ. ಮಲಗುವ ಕೋಣೆಗೇ ಬಚ್ಚಲು ಸೇರಿಸಿ, ಗೋಡೆಗೆ ಹಿಡಿಕೆ ಹಾಕಿಸಿ. ಕೈಯಲ್ಲಿರುವ ಅಷ್ಟೂ ದುಡ್ಡನ್ನು ಊರ ಮನೆಗೇ ಸುರಿಯಬೇಡಿ. ಎಪ್ಪತ್ತೈದರ ಹೊತ್ತಿಗೆ ಶಿವಮೊಗ್ಗ, ಸಾಗರದಂಥ ಪೇಟೆಯಲ್ಲಿ ನೆಲಮಹಡಿಯ ಒಂದು ಸಣ್ಣ ಬಾಡಿಗೆ ಮನೆ ಹಿಡಿಯುವಷ್ಟು ಉಳಿದಿರಲಿ. ಪಿಂಚಣಿಯ ಒಂದು ಭಾಗವನ್ನು ಕಮ್ಯುಟೇಶನ್ ಮಾಡಿಸಿದ, ಅಂದರೆ ಆ ಭಾಗವನ್ನು ಬಿಟ್ಟುಕೊಟ್ಟು ಮೊದಲೇ ಒಟ್ಟಿಗೆ ದುಡ್ಡು ಪಡೆದ ರಾಜ್ಯ ಸರ್ಕಾರಿ ನೌಕರರಿಗೆ 15 ವರ್ಷದ ಮೇಲೆ ಆ ಭಾಗ ಮತ್ತೆ ಸೇರುತ್ತದೆ. ಅಂದರೆ ಸರಿಸುಮಾರು ಅದೇ ವಯಸ್ಸಿಗೆ. ಬಾಡಿಗೆಗೆ ಅದನ್ನೇ ಇಟ್ಟುಕೊಳ್ಳಬಹುದು.

ಆರೋಗ್ಯ ವಿಮೆಯನ್ನು ಕೆಲಸದಲ್ಲಿರುವಾಗಲೇ ಸ್ವಂತಕ್ಕೆ ಮಾಡಿಸಿ. ಮೊದಲೇ ಇರುವ ಕಾಯಿಲೆಯ ಖರ್ಚು ಕೊಡಲು ವಿಮಾ ಕಂಪನಿ 3 ವರ್ಷದವರೆಗೆ ಕಾಯಿಸಬಹುದು ಎಂಬ ನಿಯಮವಿದೆ.

ಕೊನೆಯ ಪಾಲಿಗೆ ಬೇಕಾಗುವುದು ಮುಖ್ಯವಾಗಿ ನೋಡಿಕೊಳ್ಳುವವರ ಸಂಬಳ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದರೆ ಇದು ತಪ್ಪದ ಖರ್ಚು. ತೋಟ, ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡಲು ಅವಸರ ಮಾಡಬೇಡಿ, ಉಯಿಲು ಸಾಕು. ಕೊಡಲೇಬೇಕಾದರೆ "ನಮ್ಮನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ಆ ದಾನವನ್ನು ರದ್ದು ಮಾಡಿಸಲು ದಾರಿ ಇದೆ.

ಇಷ್ಟನ್ನೂ ಮನೆಯವರ ಜೊತೆ ಕೂತೇ ಮಾಡಿ. ಪಾಸ್‌ಬುಕ್ ಎಲ್ಲಿದೆ, ನಾಮಿನಿ ಯಾರು, ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಎಲ್ಲಿ ಕೊಡಬೇಕು ಅನ್ನುವುದು ಇಬ್ಬರಿಗೂ ಗೊತ್ತಿರಲಿ. ಯಜಮಾನರು ಹೋದ ಮೇಲೆ ಕುಟುಂಬ ಪಿಂಚಣಿಗೆ ಯಾವ ಕಾಗದ ಕೊಡಬೇಕೆಂದು ತಿಳಿಯದೆ ಕೌಂಟರಿನಿಂದ ಕೌಂಟರಿಗೆ ಅಲೆದ ಹೆಂಗಸರನ್ನು ಬ್ಯಾಂಕಿನಲ್ಲಿದ್ದಾಗ ಬಹಳ ನೋಡಿದ್ದೇನೆ. ಈ ಭಾನುವಾರವೇ ಒಂದು ನೋಟ್‌ಬುಕ್ ತೆಗೆದು ಬರೆಯಲು ಶುರು ಮಾಡಿ.