ಒಪ್ಪಿಗೆ ಪತ್ರ

2021ರ ಅಕ್ಟೋಬರ್ 23, ಶನಿವಾರ. ಆರು ಮತ್ತು ಏಳನೆಯ ತರಗತಿಯ ಮಕ್ಕಳು ಬೆಳಗಿನ ಶಾಲೆ ಮುಗಿಸಿಕೊಂಡು ಮನೆಗೆ ಹೋದ ಮೇಲೆ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಪೋಷಕರ ಸಭೆ ಸೇರಿತು. ಸೋಮವಾರದಿಂದ, ಅಂದರೆ 25ರಿಂದ, ಕೋವಿಡ್‌ನಿಂದಾಗಿ ಮುಚ್ಚಿದ್ದ ಶಾಲೆಯನ್ನು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೂ ತೆರೆಯಬಹುದೆಂದು ಸರ್ಕಾರ ಹೇಳಿತ್ತು. ಆದರೆ ಮಗುವನ್ನು ಕಳುಹಿಸಲೇಬೇಕೆಂಬ ಕಡ್ಡಾಯವಿರಲಿಲ್ಲ. ತಂದೆ ತಾಯಿ ಅಥವಾ ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರೆ ಮಾತ್ರ ಮಗುವನ್ನು ತರಗತಿಯಲ್ಲಿ ಕೂರಿಸಬೇಕಿತ್ತು. ಆ ಸಹಿ ಕೇಳುವುದಕ್ಕಾಗಿಯೇ ಸಭೆ ಕರೆದಿದ್ದೆವು. ಒಂದರಿಂದ ಮೂರನೆಯ ತರಗತಿಯವರೆಗಿನ ನಲಿ-ಕಲಿ ಶಿಕ್ಷಕಿಯಾದ ನಾನೂ ಎದ್ದು ನಾಲ್ಕು ಮಾತು ಆಡಬೇಕಿತ್ತು. ಪುಟ್ಟ ಮಕ್ಕಳ ಮಟ್ಟಿಗೆ ಶಾಲೆ ಇನ್ನೂ ಎರಡು ಮೂರು ತಿಂಗಳು ತೆರೆಯುವುದು ಬೇಡ ಎಂದು ಹೇಳಲು ನಾನು ಮನೆಯಿಂದ ಸಿದ್ಧಳಾಗಿಯೇ ಬಂದಿದ್ದೆ.

ಯಾಕೆ ಬೇಡವೆನಿಸಿತ್ತು ಎಂಬುದನ್ನು ಬಿಡಿಸಿ ಹೇಳಬೇಕು. ಆ ವರ್ಷದ ಮೇ ತಿಂಗಳಲ್ಲಿ, ಎರಡನೆಯ ಅಲೆಯ ನಡುವೆ, ನಮ್ಮ ಶಾಲೆಯ ಗಣಿತದ ಮೇಷ್ಟ್ರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಹತ್ತು ವರ್ಷ ಒಂದೇ ಕೊಠಡಿಯಲ್ಲಿ ಕುಳಿತು ಹಾಜರಿ ಪುಸ್ತಕ ಬರೆದವರನ್ನು ಕೊನೆಯ ಸಲ ನೋಡುವುದಕ್ಕೂ ನಮಗೆ ಆಗಲಿಲ್ಲ. ಅವರ ಕೈಬರಹದ ವೇಳಾಪಟ್ಟಿ ಅಕ್ಟೋಬರಿನಲ್ಲೂ ಗೋಡೆಯ ಮೇಲೆಯೇ ಇತ್ತು. ಅದನ್ನು ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ. ನಾವು ಶಿಕ್ಷಕರು ಎರಡೂ ಡೋಸ್ ಲಸಿಕೆ ಹಾಕಿಸಿಕೊಂಡಿದ್ದೆವು, ನಿಜ. ಮಕ್ಕಳಿಗೆ ಮಾತ್ರ ಲಸಿಕೆಯೇ ಬಂದಿರಲಿಲ್ಲ, ಮತ್ತು ಆ ಮಕ್ಕಳು ಸಂಜೆ ಹೋಗಿ ಮಲಗುತ್ತಿದ್ದುದು ಅಜ್ಜ ಅಜ್ಜಿಯರ ಮಗ್ಗುಲಲ್ಲಿ.

ಇನ್ನೊಂದು ಕಾರಣ ನನ್ನ ತರಗತಿಯ ಸ್ವರೂಪದಲ್ಲೇ ಇತ್ತು. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಬಂದ ನಲಿ-ಕಲಿ ಪದ್ಧತಿಯಲ್ಲಿ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ, ನೆಲದ ಮೇಲೆ ವೃತ್ತಾಕಾರದಲ್ಲಿ ಕೂರುತ್ತಾರೆ. ಒಂದೇ ಕಾರ್ಡು ಕೈಯಿಂದ ಕೈಗೆ ಹೋಗುತ್ತದೆ. ಕಲಿಕೆಯ ಮುಂದಿನ ಮೆಟ್ಟಿಲಿಗೆ ಹೋದ ಮಗು ಹಿಂದಿನ ಮೆಟ್ಟಿಲಿನ ಮಗುವಿಗೆ ಕಿವಿಯ ಹತ್ತಿರ ಬಾಯಿಟ್ಟು ಹೇಳಿಕೊಡುತ್ತದೆ. ಮಂಡಿಗೆ ಮಂಡಿ ತಾಗಿಸಿ ಕೂರುವುದೇ ಅಲ್ಲಿನ ಕಲಿಕೆ. ಅಂಥ ಕೋಣೆಯಲ್ಲಿ ಅಂತರ ಕಾಯ್ದುಕೊಳ್ಳಿ ಎಂದು ಆರು ವರ್ಷದ ಮಗುವಿಗೆ ಹೇಳುವುದು ಹೇಗೆ, ಹೇಳಿದರೂ ಅದು ಎಷ್ಟು ಹೊತ್ತು ಕೂತೀತು ಎಂಬುದು ಹಲವು ರಾತ್ರಿ ನನ್ನ ನಿದ್ದೆಗೆಡಿಸಿತ್ತು.

ಶಾಲೆ ಮುಚ್ಚಿದ್ದು 2020ರ ಮಾರ್ಚ್ ಮಧ್ಯದಲ್ಲಿ. ಆ ವರ್ಷ ಆಗಸ್ಟಿನಲ್ಲಿ, ಮಕ್ಕಳಿರುವಲ್ಲಿಗೇ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಯೋಜನೆ ಬಂದಾಗ ದೇವಸ್ಥಾನದ ಜಗಲಿಯಲ್ಲಿ, ಅರಳಿಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದೆವು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಅದೂ ನಿಂತಿತು. ಮುಂದಿನ ವರ್ಷ ದೊಡ್ಡ ತರಗತಿಗಳು ತೆರೆದವು, ಎರಡನೆಯ ಅಲೆ ಬಂದು ಮತ್ತೆ ಮುಚ್ಚಿದವು, ಆಗಸ್ಟ್ 23ರಿಂದ ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ, ಸೆಪ್ಟೆಂಬರ್ 6ರಿಂದ ಆರರಿಂದ ಎಂಟನೆಯ ತರಗತಿಯವರಿಗೆ ಮತ್ತೆ ತೆರೆದವು. ನನ್ನ ಕೋಣೆಯ ಬೀಗ ಮಾತ್ರ ಹಾಗೆಯೇ ಇತ್ತು.

ಸೆಪ್ಟೆಂಬರಿನ ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅಕ್ಕಂದಿರ ಕೈ ಹಿಡಿದುಕೊಂಡು ಬರುತ್ತಿದ್ದ ತಂಗಿಯರು, ತಮ್ಮಂದಿರು ಕಾಂಪೌಂಡಿನ ಕಬ್ಬಿಣದ ಗೇಟಿನವರೆಗೆ ಬಂದು ನಿಲ್ಲುತ್ತಿದ್ದರು. ಎರಡನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ತಲೆ ಬಾಚಿಕೊಂಡು, ಸಮವಸ್ತ್ರ ತೊಟ್ಟು, ಖಾಲಿ ಚೀಲ ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದಳು. ಅವಳು ಒಂದು ದಿನವೂ ತರಗತಿಯೊಳಗೆ ಕೂತವಳಲ್ಲ. ಅವಳ ಒಂದನೆಯ ತರಗತಿ ಪೂರ್ತಿ ಮನೆಯಲ್ಲೇ ಕಳೆದಿತ್ತು. ಅವಳನ್ನು ವಾಪಸು ಕಳುಹಿಸುವ ಕೆಲಸ ನನ್ನದಾಗಿತ್ತು.

ದೊಡ್ಡವರಿಗೆ ಮೊದಲು, ಚಿಕ್ಕವರಿಗೆ ಕೊನೆಗೆ ಎಂಬ ಈ ಕ್ರಮವೇ ಸರಿಯೇ ಎಂಬ ಪ್ರಶ್ನೆ ಆ ಹೊತ್ತಿಗಾಗಲೇ ಎದ್ದಿತ್ತು. ಜುಲೈನಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಹಾನಿರ್ದೇಶಕರಾಗಿದ್ದ ಬಲರಾಂ ಭಾರ್ಗವ ಅವರು, ವೈರಾಣು ಅಂಟಿಕೊಳ್ಳುವ ಗ್ರಾಹಕಗಳು ಚಿಕ್ಕ ಮಕ್ಕಳಲ್ಲಿ ಕಡಿಮೆ ಇರುವುದರಿಂದ ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದಲೇ ಆರಂಭಿಸುವುದು ವಿವೇಕ ಎಂದಿದ್ದರು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗಲೇ ಪ್ರತಿಕಾಯಗಳಿವೆಯೆಂದು ರಕ್ತ ಪರೀಕ್ಷಿಸಿ ನೋಡುವ, ಅದೇ ಸಂಸ್ಥೆಯ ನಾಲ್ಕನೆಯ ಸೆರೋ ಸಮೀಕ್ಷೆ ಹೇಳಿತ್ತು. ಡಾ. ದೇವಿ ಶೆಟ್ಟಿ ಅವರ ಅಧ್ಯಕ್ಷತೆಯ ರಾಜ್ಯದ ತಜ್ಞರ ಸಮಿತಿಯೂ ಶಾಲೆ ತೆರೆಯುವುದು ತಡವಾದಷ್ಟೂ ಮಕ್ಕಳು ಅಪೌಷ್ಟಿಕತೆಗೆ, ದುಡಿಮೆಗೆ, ಬಾಲ್ಯವಿವಾಹಕ್ಕೆ ಬಲಿಯಾಗುತ್ತಾರೆಂದು ಜೂನ್‌ನಲ್ಲಿಯೇ ಎಚ್ಚರಿಸಿತ್ತು. ಇದನ್ನೆಲ್ಲ ನಾನು ಓದಿದ್ದೆ. ಓದಿದ್ದು ಭಯವನ್ನು ಕರಗಿಸುವುದಿಲ್ಲ.

ಸಭೆಯಲ್ಲಿ ಮೊದಲು ಮುಖ್ಯ ಶಿಕ್ಷಕರು ಮಾತನಾಡಿದರು. ಮೊದಲ ವಾರ ಅರ್ಧ ದಿನ ಮಾತ್ರ ತರಗತಿ, ಮಾಸ್ಕ್ ಕಡ್ಡಾಯ, ಕುಡಿಯುವ ನೀರು ಮನೆಯಿಂದಲೇ ತರಬೇಕು, ಕೆಮ್ಮು ಜ್ವರವಿದ್ದರೆ ಕಳುಹಿಸಬಾರದು ಎಂದು ನಿಯಮಗಳನ್ನು ವಿವರಿಸಿ, ಆಮೇಲೆ ಒಂದು ಅಧ್ಯಯನದ ಅಂಕಿಗಳನ್ನು ಓದಿದರು. ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಆರಂಭದಲ್ಲಿ ಪರೀಕ್ಷಿಸಿ ನೋಡಿದಾಗ, ಶೇ 92ರಷ್ಟು ಮಕ್ಕಳು ಹಿಂದೆ ಕಲಿತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು, ಶೇ 82ರಷ್ಟು ಮಕ್ಕಳು ಕನಿಷ್ಠ ಒಂದು ಗಣಿತ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಪೋಷಕರು ಸುಮ್ಮನೆ ಕೇಳಿಸಿಕೊಂಡರು. ಶೇಕಡಾವಾರು ಲೆಕ್ಕ ಅವರ ಮನೆಯ ಮಗುವಿನ ಲೆಕ್ಕವಾಗಿ ಅವರಿಗೆ ತಟ್ಟಿದಂತೆ ಕಾಣಲಿಲ್ಲ. ನನಗೂ ಆಗ ತಟ್ಟಿರಲಿಲ್ಲ.

ಮೊದಲು ಎದ್ದು ನಿಂತವರು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ತಂದೆ. ಮೇ ತಿಂಗಳಲ್ಲಿ ಹೆಂಡತಿಯನ್ನು ಕಳೆದುಕೊಂಡವರು. "ಅವಳ ತಾಯಿ ಹೋಗಿ ಐದು ತಿಂಗಳಾಯ್ತು ಸಾರ್. ಈ ಕೂಸು ಒಂದು ಬಿಟ್ರೆ ನನಗೆ ಇನ್ಯಾರಿದ್ದಾರೆ? ಅಕ್ಷರ ಮುಂದಿನ ವರ್ಷ ಕಲಿತರೂ ನಡೆಯುತ್ತೆ" ಎಂದು ಅಷ್ಟೇ ಹೇಳಿ ಕುಳಿತರು. ಮುಖ್ಯ ಶಿಕ್ಷಕರು ಉತ್ತರ ಹೇಳಲು ಹೋಗಲಿಲ್ಲ. ಅದಕ್ಕೆ ಉತ್ತರವಿರಲಿಲ್ಲ.

ಆಮೇಲೆ ಮಾತು ಒಬ್ಬರ ಮೇಲೊಬ್ಬರದಾಗಿ ಬಂತು. ಆ ವರ್ಷ ಶುಲ್ಕ ಕಟ್ಟಲಾಗದೆ ಖಾಸಗಿ ಶಾಲೆಯಿಂದ ಮಗನನ್ನು ಬಿಡಿಸಿ ನಮ್ಮಲ್ಲಿಗೆ ಸೇರಿಸಿದ್ದ ತಂದೆಯೊಬ್ಬರು, ಮೊಬೈಲಿನಲ್ಲೇ ಪಾಠ ಮುಂದುವರಿಸಿದರೆ ಯಾರಿಗೂ ಅಪಾಯವಿಲ್ಲ ಎಂದರು. "ನಿಮ್ಮನೇಲಿ ಮೊಬೈಲೈತೆ, ನೀವು ಹೇಳ್ತೀರ. ನಮ್ಮನೇಲಿರೋದು ಒಂದೇ ಫೋನು, ಅದು ಬೆಳಗ್ಗೆನೇ ನಮ್ಮೆಜಮಾನ್ರ ಜೊತೆ ಕೆಲಸಕ್ಕೆ ಹೋಗುತ್ತೆ" ಎಂದು ಹಿಂದಿನ ಸಾಲಿನ ತಾಯಿಯೊಬ್ಬರು ಕೂತಲ್ಲಿಂದಲೇ ಹೇಳಿದರು. ಕೂಲಿಗೆ ಹೋಗುವ ಇನ್ನೊಬ್ಬರು, ಮಧ್ಯಾಹ್ನದ ಬಿಸಿಯೂಟ ಯಾವಾಗಿನಿಂದ ಎಂದು ಕೇಳಿದರು. ಮೊದಲ ದಿನಗಳಲ್ಲಿ ಇರುವುದಿಲ್ಲ ಎಂದಾಗ ಅವರ ಮುಖ ಬಾಡಿತು. ಐದನೆಯ ತರಗತಿಯ ಅವರ ಮಗಳು ಒಂದೂವರೆ ವರ್ಷದಿಂದ ಮನೆಯ ಅಡುಗೆ ಮಾಡಿ, ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಎಲ್ಲರನ್ನೂ ಸುಮ್ಮನಾಗಿಸಿ, "ಟೀಚರಮ್ಮ, ಸಣ್ಣ ಮಕ್ಕಳ ವಿಷಯ ನೀವೇ ಹೇಳಬೇಕು" ಎಂದು ನನ್ನತ್ತ ತಿರುಗಿದರು. ಒಪ್ಪಿಗೆ ಪತ್ರದ ನಮೂನೆಯನ್ನು ಮೊದಲು ಎಲ್ಲರಿಗೂ ಹಂಚಿಬಿಡೋಣ, ಆಮೇಲೆ ಮಾತನಾಡುತ್ತೇನೆ ಎಂದು ನಾನು ಹಾಳೆಗಳನ್ನು ಕೈಗೆತ್ತಿಕೊಂಡೆ. ಸ್ವಲ್ಪ ಸಮಯ ಸಿಗಲಿ ಎಂಬುದು ಉದ್ದೇಶವಾಗಿತ್ತು.

ಮೊದಲ ಸಾಲಿನ ಕೊನೆಯಲ್ಲಿ ಒಬ್ಬ ಅಜ್ಜಿ, ಮೂರನೆಯ ತರಗತಿಯ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಹುಡುಗನ ತಂದೆ ತಾಯಿ ದುಡಿಯಲು ಊರು ಬಿಟ್ಟು ಹೋಗಿದ್ದರಿಂದ ಪೋಷಕರು ಅವರೇ. ಹಾಳೆಯನ್ನು ಕೈಗೆ ಕೊಟ್ಟಾಗ ಅದನ್ನು ಹಾಗೆಯೇ ಮೊಮ್ಮಗನ ಮುಂದೆ ಹಿಡಿದರು. "ಏನ್ ಬರ್ದವ್ರೆ ನೀನೇ ಓದಿ ಹೇಳು ಮಗಾ. ಮೂರ್ನೇ ಕ್ಲಾಸಲ್ವಾ ನೀನು."

ಹುಡುಗ ಮೇಲ್ಗಡೆಯ ದಪ್ಪಕ್ಷರದ ತಲೆಬರಹದ ಕೆಳಗೆ ಬೆರಳಿಟ್ಟ. ಅಲ್ಲಿ "ಒಪ್ಪಿಗೆ ಪತ್ರ" ಎಂದಿತ್ತು. "ಒ" ಎಂದ, ಗಟ್ಟಿಯಾಗಿ. ಬೆರಳು ಮುಂದಕ್ಕೆ ಸರಿದು "ಪಿ" ಎಂದ. ಆಮೇಲೆ ಅದರ ಕೆಳಗೆ ತೂಗುತ್ತಿದ್ದ ಪಕಾರದ ಒತ್ತಿನ ಮೇಲೆ ಬೆರಳನ್ನು ಇಳಿಸಿ, ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು, ಏನೆಂದು ತಿಳಿಯದೆ ದಾಟಿಸಿ "ಗೆ" ಎಂದ. ಮುಂದಿನ ಪದದಲ್ಲಿ "ಪ" ಆಯಿತು, "ತ" ಆಯಿತು. ಅದರ ಬುಡದಲ್ಲಿದ್ದ ರಕಾರದ ಒತ್ತಿನ ಹತ್ತಿರ ಬಂದು ನಿಂತ. ತಲೆಯೆತ್ತಿ ನನ್ನ ಮುಖ ನೋಡಿದ. "ಒಪಿಗೆ ಅಂದ್ರೇನೋ?" ಎಂದು ಅಜ್ಜಿ ಕೇಳಿದರು. ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ.

ಅವನು ಮರೆತಿದ್ದಲ್ಲ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಅವನು ಒಂದನೆಯ ತರಗತಿಯ ಕೊನೆಯಲ್ಲಿದ್ದ. ಕಾಗುಣಿತವನ್ನು ನನ್ನ ಕೋಣೆಯಲ್ಲಿ, ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗಾಗಿ ಬಳಿದಿರುವ ಕಪ್ಪುಹಲಗೆಯ ಮೇಲೆ ಬರೆದು ಬರೆದು ಕಲಿತಿದ್ದ, ಅದನ್ನು ಹತ್ತೊಂಬತ್ತು ತಿಂಗಳು ಜೋಪಾನವಾಗಿ ಉಳಿಸಿಕೊಂಡೂ ಇದ್ದ. ಒತ್ತಕ್ಷರವನ್ನು ನಾವು ಗಟ್ಟಿ ಮಾಡಿಸುತ್ತಿದ್ದುದು ಎರಡನೆಯ ತರಗತಿಯಲ್ಲಿ. ಅವನ ಎರಡನೆಯ ತರಗತಿಯಲ್ಲಿ ಶಾಲೆಯೇ ನಡೆಯಲಿಲ್ಲ. ಜಗಲಿಯ ಮೇಲಿನ ಎರಡು ತಿಂಗಳ ವಿದ್ಯಾಗಮದಲ್ಲಿ ಆ ಮೆಟ್ಟಿಲಿನವರೆಗೆ ನಾನು ಬರಲೇ ಇಲ್ಲ. ವಾಟ್ಸ್ಆ್ಯಪ್ ಗುಂಪಿಗೆ ಒತ್ತಕ್ಷರದ ಚಿತ್ರಗಳನ್ನೂ ನನ್ನ ಧ್ವನಿಯನ್ನೂ ದಿನವೂ ಕಳುಹಿಸಿದ್ದೆ. ಆ ಅಜ್ಜಿಯ ಮನೆಯಲ್ಲಿದ್ದುದು ಗುಂಡಿ ಒತ್ತುವ ಫೋನು. ಒತ್ತಕ್ಷರ ಬಾರದ ಮಗುವಿಗೆ ಕನ್ನಡದಲ್ಲಿ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಎಂದು ಬರೆಯಲಾಗುವುದಿಲ್ಲ. ಕನ್ನಡ ಎಂಬ ಪದವನ್ನೂ ಬರೆಯಲಾಗುವುದಿಲ್ಲ.

ನಾನು ಎದ್ದು ನಿಂತೆ. ಸಿದ್ಧಪಡಿಸಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ. ಮುಚ್ಚಿದ ಬಾಗಿಲನ್ನು ನಾನು ಅಷ್ಟು ದಿನ ಸುರಕ್ಷಿತ ಎಂದುಕೊಂಡಿದ್ದೆ. ಶಾಲೆ ತೆರೆದರೆ ಏನಾದರೂ ಆದೀತು, ತೆರೆಯದಿದ್ದರೆ ಏನೂ ಆಗುವುದಿಲ್ಲ ಎಂಬಂತೆ ತೂಗಿದ್ದೆ. ನನ್ನ ಮಗಳು ಮನೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಎರಡು ತರಗತಿ ಮುಗಿಸಿದ್ದಳು. ಆದ್ದರಿಂದ ಏನೂ ಆಗುತ್ತಿಲ್ಲವೆಂಬ ಭಾವನೆ ನನಗೆ ಸುಲಭವಾಗಿ ಬಂದಿತ್ತು. ಮುಚ್ಚಿದ್ದಕ್ಕೆ ತೆರಬೇಕಾದುದನ್ನು ಆ ಎಂಟು ವರ್ಷದ ಹುಡುಗ ನಮ್ಮೆಲ್ಲರ ಪರವಾಗಿ ತೆರುತ್ತಿದ್ದ, ಮತ್ತು ಸಭೆಯಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಭಯ ನನಗೂ ಇದೆ, ಮೇಷ್ಟ್ರು ಹೋದದ್ದು ನಿಮಗೆಲ್ಲ ಗೊತ್ತಿದೆ. ಸೋಂಕು ತಗುಲುವುದೇ ಇಲ್ಲವೆಂದು ನಾನು ಮಾತು ಕೊಡಲಾರೆ. ಕೋಣೆಯ ನಾಲ್ಕೂ ಕಿಟಕಿ, ಎರಡೂ ಬಾಗಿಲು ದಿನವಿಡೀ ತೆರೆದಿರುತ್ತವೆ. ಬಿಸಿಲು ಮಳೆ ಇಲ್ಲದಾಗ ಹೊಂಗೆ ಮರದ ಕೆಳಗೆ ಕೂರಿಸುತ್ತೇನೆ. ಒಂದು ಗುಂಪಿನ ಮಕ್ಕಳು ಇನ್ನೊಂದು ಗುಂಪಿನ ಕಾರ್ಡು ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಕಾಯಿಲೆಯ ಹಿರಿಯರಿದ್ದು, ಕಳುಹಿಸಲು ಮನಸ್ಸಿಲ್ಲದವರನ್ನು ನಾನು ಒತ್ತಾಯ ಮಾಡುವುದಿಲ್ಲ. ಅಂಥ ಮಗುವಿನ ಮನೆಗೆ ವಾರಕ್ಕೆರಡು ಸಲ ನಾನೇ ಬರುತ್ತೇನೆ. ಆದರೆ ಕಳುಹಿಸಬಲ್ಲವರು ಇನ್ನು ಒಂದು ದಿನವೂ ತಡ ಮಾಡಬೇಡಿ. ಮುಂದಿನ ವರ್ಷ ಕಲಿತರಾಯಿತು ಎಂದು ಈಗಾಗಲೇ ಒಂದು ಸಲ ಅಂದುಕೊಂಡಿದ್ದೇವೆ.

ಅಜ್ಜಿ ಎಡಗೈ ಹೆಬ್ಬೆಟ್ಟು ಒತ್ತಿದರು. ಸ್ಟಾಂಪ್ ಪ್ಯಾಡಿನ ನೇರಳೆ ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಎದ್ದು ಹೋಗುವಾಗ, "ಒತ್ತು ಕಲಿಸ್ಬಿಡವ್ವ ಇವನ್ಗೆ" ಎಂದರು. ಒಂದರಿಂದ ಐದನೆಯ ತರಗತಿಯಲ್ಲಿದ್ದ 41 ಮಕ್ಕಳ ಪೈಕಿ ಅಂದು 29 ಮಕ್ಕಳ ಒಪ್ಪಿಗೆ ಪತ್ರ ಕೈಸೇರಿದವು. ಹೆಂಡತಿಯನ್ನು ಕಳೆದುಕೊಂಡಿದ್ದ ಆ ತಂದೆ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ಏನೂ ಹೇಳದೆ ಹೊರಟುಹೋದರು.

ಸೋಮವಾರ ಮಕ್ಕಳು ಬಂದರು. ಮಾಸ್ಕಿನ ಮೇಲಿನ ಕಣ್ಣುಗಳಿಂದಲೇ ಅವರನ್ನು ಗುರುತಿಸಬೇಕಿತ್ತು. ಇಬ್ಬರನ್ನು ಎತ್ತರ ಬೆಳೆದಿದ್ದರಿಂದ ನಾನು ಗುರುತಿಸಲೇ ಇಲ್ಲ. ಗೇಟಿನ ಹೊರಗೆ ನಿಲ್ಲುತ್ತಿದ್ದ ಹುಡುಗಿ ಒಳಗೆ ಬಂದು ಎಲ್ಲಿ ಕೂರಬೇಕೆಂದು ತಿಳಿಯದೆ ಗೋಡೆಗೊರಗಿ ನಿಂತಿದ್ದಳು. ಮೂರನೆಯ ತರಗತಿಯವರನ್ನೆಲ್ಲ ಒತ್ತಕ್ಷರದ ಮೆಟ್ಟಿಲಿನಿಂದ ಆರಂಭಿಸಿದೆ. ಆ ಹುಡುಗ ಗೋಡೆಯ ಕಪ್ಪುಹಲಗೆಯಲ್ಲಿ ತನ್ನ ಹಳೆಯ ಜಾಗಕ್ಕೇ ಹೋಗಿ ಕುಕ್ಕರಗಾಲಲ್ಲಿ ಕೂತ. ಅಷ್ಟು ತಗ್ಗಿನಲ್ಲಿ ಬರೆಯಲು ಈಗ ಅವನು ಬಗ್ಗಬೇಕಿತ್ತು. "ಅಪ್ಪ" ಎಂದು ಬರೆದು, ಒತ್ತನ್ನು ಮೂರು ಸಲ ಅಳಿಸಿ ತಿದ್ದಿದ.

ಬುಧವಾರ ಆ ತಂದೆ ಮಗಳನ್ನು ಕರೆದುಕೊಂಡು ಬಂದರು. ಮಡಚಿದ್ದ ಹಾಳೆಯನ್ನು ಬಿಡಿಸಿ ಕೊಟ್ಟರು, ಸಹಿಯಾಗಿತ್ತು. ನಾಲ್ಕನೆಯ ತರಗತಿಯವರನ್ನೂ ಆ ವಾರ ನನ್ನ ಪಕ್ಕದ ಕೋಣೆಯಲ್ಲೇ ಕೂರಿಸಿದ್ದೆವು. ಮಗಳು ಒಳಗೆ ಹೋದ ಮೇಲೂ ಅವರು ಹೋಗಲಿಲ್ಲ. ಕಾಂಪೌಂಡಿನ ಆಚೆ, ಆ ಕೋಣೆಯ ಕಿಟಕಿಗೆ ಎದುರಾಗಿ, ಮಧ್ಯಾಹ್ನದ ಗಂಟೆ ಬಾರಿಸುವವರೆಗೆ ನಿಂತೇ ಇದ್ದರು. ಗುರುವಾರವೂ ಬಂದು ಅದೇ ಜಾಗದಲ್ಲಿ ನಿಂತರು. ಆ ಕಿಟಕಿಯ ಒಂದು ಬಾಗಿಲು ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತಿತ್ತು. ಶುಕ್ರವಾರ ಮಕ್ಕಳು ಬರುವ ಮೊದಲೇ ಹೋಗಿ ಅದಕ್ಕೆ ಎಣ್ಣೆ ಹಾಕಿ, ಪೂರ್ತಿ ಹಿಂದಕ್ಕೆ ತಳ್ಳಿ, ಕೊಂಡಿ ಸಿಕ್ಕಿಸಿ ಬಂದೆ.