ಅವ್ವನ ಪಚ್ಚೆಗೆ ಎಂಥ ಬಂಗಾರ?

ಅಜ್ಜಿಯ ಕಾಲದ ಉಂಗುರದ ಪಚ್ಚೆ ಹರಳು ಒಂದು ಮುಂಜಾನೆ ಜೋಳದ ಹಿಟ್ಟಿನ ಪರಾತದಲ್ಲಿ ಸಿಕ್ಕಿತು. ಹರಳನ್ನು ಹಿಡಿದಿದ್ದ ನಾಲ್ಕು ಉಗುರುಗಳಲ್ಲಿ ಎರಡು ಸವೆದು, ಒಂದು ಬಾಗಿ, ಅವ್ವ ಹಿಟ್ಟು ನಾದುವಾಗ ಅದು ಜಾರಿಬಿದ್ದಿತ್ತು. ಹೊಸದಾಗಿ ಮಾಡಿಸುವ ಮಾತು ಬಂದಾಗ ನಾನು ಪ್ಲಾಟಿನಂ ಎಂದೆ, ತಂಗಿ ಬಿಳಿ ಬಂಗಾರ ಎಂದಳು. ಇಪ್ಪತ್ತೆರಡು ಕ್ಯಾರೆಟ್ ಅಲ್ಲದ್ದು ಬಂಗಾರವೇ ಅಲ್ಲ ಎಂಬುದು ಅವ್ವನ ಹಟ.

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆತನಕ್ಕೆ ರೂಢಿಯಾದ ಪತ್ತಾರರಲ್ಲಿಗೆ ಹೋದೆವು. ತಂಗಿಯ ಆಸೆ ಬೇಗ ಕರಗಿತು. ಬಿಳಿ ಬಂಗಾರದ ಹೊಳಪು ಬಹುತೇಕ ಮೇಲಿನ ರೋಡಿಯಂ ಲೇಪದ್ದು. ದಿನವೂ ರೊಟ್ಟಿ ತಟ್ಟುವ ಕೈಯಲ್ಲಿ ಅದು ಸವೆದು ಒಳಗಿನ ಹಳದಿ ಛಾಯೆ ಕಾಣಿಸಿಕೊಳ್ಳುತ್ತದೆ, ಮತ್ತೆ ಲೇಪ ಹಾಕಿಸಬೇಕಾಗುತ್ತದೆ. ಪ್ಲಾಟಿನಂ ಗಟ್ಟಿಮುಟ್ಟಾದ ಲೋಹವೇ ಆದರೂ ಬಂಗಾರ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಅದಕ್ಕೆ 1768 ಡಿಗ್ರಿ ಬೇಕು. ಆ ಶಾಖದ ಸಲಕರಣೆ ಆ ಚಿಕ್ಕ ಅಂಗಡಿಯಲ್ಲಿ ಇರಲಿಲ್ಲ. ನಾಳೆ ಉಂಗುರ ಬಿಗಿಯಾದರೆ ಸಡಿಲಿಸಲು ಊರು ಬಿಟ್ಟು ಅಲೆಯುವ ಒಡವೆ ನಮಗೇಕೆ?

ನಿಜವಾದ ವಾದ ಉಳಿದದ್ದು ಹದಿನೆಂಟು ಮತ್ತು ಇಪ್ಪತ್ತೆರಡರ ನಡುವೆ. (ಬಂಗಾರದ ಕ್ಯಾರೆಟ್ ಶುದ್ಧತೆಯ ಲೆಕ್ಕ, ಹರಳಿನ ಕ್ಯಾರೆಟ್ 0.2 ಗ್ರಾಂ ತೂಕ. ಒಂದೇ ಹೆಸರಿನ ಈ ಎರಡನ್ನು ಅವ್ವ ಕೊನೆಯವರೆಗೂ ಕಲಸಿಯೇ ಮಾತಾಡಿದಳು.) ಇಪ್ಪತ್ತೆರಡರಲ್ಲಿ ಶೇ. 91.6 ಬಂಗಾರ, ಹದಿನೆಂಟರಲ್ಲಿ ಶೇ. 75, ಉಳಿದ ತಾಮ್ರ, ಬೆಳ್ಳಿ ಸೇರಿ ಅದನ್ನು ಬಿರುಸುಗೊಳಿಸುವುದರಿಂದ, ಹಳೆಯ ಉಂಗುರದ ಗತಿ ಕಂಡಿದ್ದ ನಾನು ಹದಿನೆಂಟೇ ಸರಿಯೆಂದು ಪಟ್ಟು ಹಿಡಿದಿದ್ದೆ.

ಪತ್ತಾರರು ಭೂತಗನ್ನಡಿಯಲ್ಲಿ ಹರಳನ್ನು ತಿರುತಿರುಗಿಸಿ ನೋಡಿ, "ಅಕ್ಕಾರ, ಇದರ ಮೈಯಾಗ ಮೊದಲ ಬಿರುಕು ಅದಾವ್ರಿ" ಎಂದರು. ಗಡಸುತನದ ಮೋಸ್ ಅಳತೆಯಲ್ಲಿ ನೀಲ, ಮಾಣಿಕ್ಯಗಳು 9 ಇದ್ದರೆ ಪಚ್ಚೆ 7.5ರಿಂದ 8, ಆದರೆ ಅದರ ಅಪಾಯವಿರುವುದು ಈ ಅಂಕಿಗಿಂತ ಒಳಗಿನ ಸಣ್ಣ ಸಣ್ಣ ಬಿರುಕುಗಳಲ್ಲಿ. ಬಿರುಸಾದ ಲೋಹವನ್ನು ಅದರ ಮೇಲೆ ಬಾಗಿಸಲು ಹೆಚ್ಚು ಒತ್ತಡ ಬೇಕು, ಆ ಒತ್ತಡಕ್ಕೆ ಹರಳಿನ ಅಂಚು ಚಕ್ಕೆ ಏಳಬಹುದು. ಉಗುರುಗಳ ಬದಲು ಹರಳಿನ ಸುತ್ತಲೂ ಬಂಗಾರದ ತೆಳುವಾದ ಅಂಚು ಎಬ್ಬಿಸಿ ಒತ್ತುವುದಾದರೆ ಇಪ್ಪತ್ತೆರಡರ ಮೆತ್ತಗಿನ ಗುಣವೇ ಉಪಯೋಗಕ್ಕೆ ಬರುತ್ತದೆ: ಅದು ಮೆಲ್ಲಗೆ ಮಣಿದು ಕುಳಿತುಕೊಳ್ಳುತ್ತದೆ, ಹಿಡಿತವೂ ನಾಲ್ಕು ಕಡೆಗಲ್ಲ, ಸುತ್ತಲೂ ಸಿಗುತ್ತದೆ. ನಾನು ದೋಷವೆಂದು ಎಣಿಸಿದ್ದು ಉಗುರಿನ ಕೆಲಸಕ್ಕೆ ಮಾತ್ರ ದೋಷವಾಗಿತ್ತು. ಅವ್ವ ಗೆದ್ದಳು, ಆದರೆ ತಾನು ಹೇಳಿದ ಕಾರಣಕ್ಕಲ್ಲ.

ಬೆರಳನ್ನು ಸುತ್ತುವ ಬಳೆಯ ಭಾಗವನ್ನು ದಪ್ಪಗೆ ಮಾಡಿಸಿದೆವು, ಇಲ್ಲವಾದರೆ ಅದು ಸೊಟ್ಟಗಾಗುತ್ತಿತ್ತು. ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆಯೇ ಹರಳನ್ನು ಕೂಡಿಸಿದರು. ಪಚ್ಚೆಯ ಬಿರುಕುಗಳಿಗೆ ಎಣ್ಣೆ ತುಂಬುವುದು ಹಳೆಯ ವಾಡಿಕೆ, ಬೆಂಕಿ ತಾಗಿದರೆ ಅದು ಹೋಗುತ್ತದೆ. ಹಾಲ್‌ಮಾರ್ಕ್ ಗುರುತು ಬಂಗಾರದ ಶುದ್ಧತೆಗೆ ಸಂಬಂಧಿಸಿದ್ದು, ಹರಳಿಗಲ್ಲ. ಆದ್ದರಿಂದ ರಸೀದಿಯಲ್ಲಿ ಹರಳಿನ ತೂಕವನ್ನು ಬೇರೆಯಾಗಿ ಬರೆಸಿಕೊಂಡೆ.

ಬೆಳಕು ಹಾಯಲೆಂದು ಹರಳಿನ ತಳವನ್ನು ತೆರೆದೇ ಬಿಟ್ಟಿದ್ದಾರೆ. ಅಲ್ಲಿ ಹಿಟ್ಟು ಸೇರುತ್ತದೆ. ಅವ್ವ ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಮೆತ್ತಗಿನ ಬ್ರಷ್ಷಿನಿಂದ ಅದನ್ನು ತೊಳೆಯುತ್ತಾಳೆ, ತೊಳೆದು ಮತ್ತೆ ಹಾಕಿಕೊಂಡೇ ರೊಟ್ಟಿಗೆ ಕೂಡುತ್ತಾಳೆ.